ಕೊಡದ ಊರು

"ಮೇಡಂ, ಹೊಸದೊಂದು ಒಳ್ಳೆಯದೋ ಅಲ್ಲವೋ ತಿಳಿಯಬೇಕಾದರೆ ಅದನ್ನು ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ ನೋಡಬೇಕು. ಹಾಗೆ ಕೊಡದೆ ಇರುವುದು ತಪ್ಪಲ್ಲವೇ?" ಎಂದು ಶಾಹಿದಾ ಕೇಳಿದಳು.

ಅವಳು ಸಂಶೋಧನಾ ವಿದ್ಯಾರ್ಥಿನಿ. ಅವಳ ಪಟ್ಟಿಯಲ್ಲಿ ನಲವತ್ತು ಅಂಗನವಾಡಿಗಳಿದ್ದವು. ಪುಟ್ಟ ಮಕ್ಕಳ ಮಾತು ಬೆಳೆಸುವ ಹೊಸ ಕ್ರಮವೊಂದನ್ನು ಇಪ್ಪತ್ತಕ್ಕೆ ಕೊಡಬೇಕು, ಇಪ್ಪತ್ತಕ್ಕೆ ಕೊಡಬಾರದು. ಯಾವುದು ಯಾವ ಕಡೆ ಎಂದು ಮರುದಿನ ಬೆಳಿಗ್ಗೆ ಚೀಟಿ ಎತ್ತುವುದಿತ್ತು.

ಕಾತ್ಯಾಯಿನಿ ಅವಳ ಮಾರ್ಗದರ್ಶಕಿ. ಮೂವತ್ತು ವರ್ಷ ಇಂಥ ಚೀಟಿಗಳನ್ನು ಎತ್ತಿಸಿ ಸಾಕಾದವರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ಅಂದರೆ ನೀನು ನಾಳೆ ಚೀಟಿ ಎತ್ತುವುದಿಲ್ಲ. ತಪ್ಪಲ್ಲ ಅಂದರೆ ಎತ್ತಿ ಮರೆತುಬಿಡುತ್ತೀ. ಎರಡೂ ಬೇಡ. ಒಂದು ಕತೆ ಹೇಳುತ್ತೇನೆ, ಕೇಳು" ಎಂದರು.

ಒಬ್ಬ ಸಂಶೋಧಕಿ ದಾರಿ ತಪ್ಪಿದ್ದಳು.

ಅವಳಿಗೆ ದಾರಿ ತಪ್ಪುವುದು ಹೊಸದಲ್ಲ. ಹನ್ನೊಂದು ದೇಶ ಸುತ್ತಿದ್ದಳು. ಎಲ್ಲೇ ಆದರೂ ದಾರಿ ಯಾರನ್ನು ಕೇಳಬೇಕು ಎಂಬುದು ಅವಳಿಗೆ ಗೊತ್ತಿತ್ತು. ನಿಂತಿರುವ ಗಂಡಸನ್ನು ಕೇಳಿದರೆ ಅವನು ಗೊತ್ತಿಲ್ಲದಿದ್ದರೂ ಹೇಳುತ್ತಾನೆ. ಅಂಗಡಿಯವನನ್ನು ಕೇಳಿದರೆ ಏನಾದರೂ ಕೊಂಡ ಮೇಲೆ ಹೇಳುತ್ತಾನೆ. ಕೆಲಸ ಮಾಡುತ್ತಿರುವ ಹೆಂಗಸನ್ನು ಕೇಳಬೇಕು. ಅವಳಿಗೆ ಸುಳ್ಳು ಹೇಳಲು ಪುರುಸೊತ್ತಿರುವುದಿಲ್ಲ.

ರಸ್ತೆ ಮುಗಿದು ಹೊಳೆ ಎದುರಾದ ಕಡೆ ಒಬ್ಬ ಹೆಂಗಸು ಬಳಚು ಬಿಡಿಸುತ್ತ ಕೂತಿದ್ದಳು. ಹೊಳೆಯ ಕೆಸರಿನಲ್ಲಿ ಹೆಕ್ಕಿ ತಂದ ಚಿಪ್ಪುಗಳ ಒಂದು ರಾಶಿ ಎಡಕ್ಕೆ, ಬರಿದಾದ ಚಿಪ್ಪುಗಳ ಒಂದು ರಾಶಿ ಬಲಕ್ಕೆ. ಸಂಶೋಧಕಿ ಕಾರಿನಿಂದ ಇಳಿದು ಕೇಳಿದಳು.

"ತಂಗೀ, ಸಮುದ್ರದ ಹತ್ತಿರದ ದೊಡ್ಡ ಹೋಟೆಲಿಗೆ ಹೀಗೇ ಹೋಗಬೇಕಾ? ದಾರಿ ತಪ್ಪಿದೆ ಅನಿಸುತ್ತೆ."

ಹೆಂಗಸು ತಲೆ ಎತ್ತಿ ನೋಡಿದಳು. ಕೈಯ ಚಾಕು ನಿಂತಿತು.

"ದಾರಿ ಸರಿಯಾಗೇ ಬಂದಿದ್ದೀರಿ ಅಕ್ಕೋರೇ. ತಡ ಆಯ್ತು, ಅಷ್ಟೇ."

ಆ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಸಂಶೋಧಕಿಯನ್ನು ಬಹಳ ವರ್ಷಗಳಿಂದ ಯಾರೂ ಹಾಗೆ ಕರೆದಿರಲಿಲ್ಲ. ಡಾಕ್ಟರ್ ಎನ್ನುತ್ತಿದ್ದರು. ಹಾಗೆ ಕರೆದು ಮಂಡಿನೋವಿಗೆ ಔಷಧಿ ಕೇಳಿದವರೂ ಇದ್ದರು.

"ತಡವೇನಿಲ್ಲ. ನನ್ನ ಭಾಷಣ ಇರುವುದು ಮೂರು ಗಂಟೆಗೆ" ಎಂದಳು ಸಂಶೋಧಕಿ.

"ನಾನು ಇಪ್ಪತ್ತೇಳು" ಎಂದಳು ಹೆಂಗಸು.

"ವಯಸ್ಸಾ?"

"ವಯಸ್ಸು ಇಪ್ಪತ್ತೈದು. ನಂಬರು ಇಪ್ಪತ್ತೇಳು."

ಇದು ಯಾವ ಊರೆಂದು ಸಂಶೋಧಕಿಗೆ ಆಗ ಗೊತ್ತಾಯಿತು. ಈ ಊರಿಗೆ ಅವಳು ಯಾವಾಗಲೂ ಆಚೆ ದಡದಿಂದ ದೋಣಿಯಲ್ಲಿ ಬರುತ್ತಿದ್ದಳು. ಆಗ ಈಚೆ ರಸ್ತೆಯೇ ಇರಲಿಲ್ಲ. ಊರಿನ ಮುಖ ನೋಡಿದ್ದವಳಿಗೆ ಬೆನ್ನಿನ ಗುರುತು ಹತ್ತಿರಲಿಲ್ಲ.

ಅದು ಹದಿನೇಳು ವರ್ಷದ ಹಿಂದಿನ ಮಾತು. ಹೊಳೆಯ ಎರಡು ದಡಕ್ಕೆ ಎರಡು ಊರು. ಎರಡರಲ್ಲೂ ಬಳಚು, ಮೀನು, ಒಂದೊಂದು ಶಾಲೆ. ಶಾಲೆಗೆ ಅರುವತ್ತರಂತೆ ಮಕ್ಕಳು. ಆಗ ಅವಳಿಗೆ ಒಂದು ಹೊಸ ಯೋಚನೆ ಬಂದಿತ್ತು. ಮಗುವಿಗೆ ಮೊದಲು ಅಕ್ಷರ ಕೊಡುವುದು ಬೇಡ. ಮಗು ಬಾಯಲ್ಲಿ ಆಡಿದ ಮಾತನ್ನೇ ಮಾಸ್ತರು ಬರೆಯಲಿ. ತನ್ನದೇ ಮಾತನ್ನು ಮಗು ಓದಲಿ. ಅಕ್ಷರ ಆಮೇಲೆ ತಾನಾಗಿ ಬರುತ್ತದೆ.

ಇದು ನಿಜವೋ ಸುಳ್ಳೋ ತಿಳಿಯಬೇಕಿತ್ತು. ಚೀಟಿ ಎತ್ತಿಸಿದಳು. ಹೊಸ ಪಾಠ ಆಚೆ ದಡಕ್ಕೆ ಹೋಯಿತು. ಈಚೆ ದಡಕ್ಕೆ ಬಂದದ್ದು ಪರೀಕ್ಷೆ ಮಾತ್ರ. ವರ್ಷಕ್ಕೆ ಮೂರು ಸಲ ಅವಳು ದೋಣಿಯಲ್ಲಿ ಬಂದು ಪ್ರತಿ ಮಗುವಿನ ಮುಂದೆ ಒಂದು ಹಾಳೆ ಹಿಡಿಯುತ್ತಿದ್ದಳು. ಓದು ಎನ್ನುತ್ತಿದ್ದಳು. ಮಗು ಓದದಿದ್ದರೆ ಅದರ ನಂಬರಿನ ಮುಂದೆ ಬರೆದುಕೊಂಡು ಹೋಗುತ್ತಿದ್ದಳು. ಮಕ್ಕಳಿಗೆಲ್ಲ ಅವಳು ಹಾಕಿದ್ದು ಹೆಸರಲ್ಲ, ನಂಬರು. ಅವಳ ಕಡತದಲ್ಲಿ ಆಚೆಯದು ಕೊಟ್ಟ ಊರು, ಈಚೆಯದು ಕೊಡದ ಊರು.

ಈಚೆ ಊರಿನ ಮಾಸ್ತರರು ಆಗಲೇ ಕೇಳಿದ್ದರು, "ನಮಗೆ ಯಾವಾಗ?" ಎಂದು.

"ಫಲಿತಾಂಶ ಬರಲಿ. ಪಾಠ ಒಳ್ಳೆಯದು ಅಂತಾದರೆ ನಾನೇ ಬಂದು ನಿಮಗೂ ಕೊಡುತ್ತೇನೆ. ಅಲ್ಲಿಯವರೆಗೆ ಆಚೆಯ ಗಾಳಿ ಈಚೆಗೆ ಸೋಂಕಬಾರದು. ಸೋಂಕಿದರೆ ಹೋಲಿಕೆ ಕೆಡುತ್ತದೆ. ನಾನು ಬರುವವರೆಗೆ ಏನನ್ನೂ ಬದಲಾಯಿಸಬೇಡಿ" ಎಂದಿದ್ದಳು. ಮಾಸ್ತರರು ಊರಿನ ಪರವಾಗಿ ಮಾತು ಕೊಟ್ಟರು. ಅವಳೂ ಮಾತು ಕೊಟ್ಟಳು.

ಎರಡು ವರ್ಷದ ಕೊನೆಗೆ ಆಚೆ ದಡದಲ್ಲಿ ಹತ್ತರಲ್ಲಿ ಎಂಟು ಮಕ್ಕಳು ಓದಿದರು. ಈಚೆ ದಡದಲ್ಲಿ ಹತ್ತರಲ್ಲಿ ಮೂವರು. ಎಂಟರಲ್ಲಿ ಮೂರು ಕಳೆದರೆ ಐದು. ಶಾಹಿದಾ, ಆ ಐದೇ ಅವಳ ಕೀರ್ತಿ. ಅವಳಿಗೆ ಸಿಕ್ಕ ಹುದ್ದೆ, ಹಾರ, ವಿಮಾನದ ಟಿಕೆಟು ಎಲ್ಲ ಆ ಐದರಿಂದ ಬಂದದ್ದು. ಈಚೆಯ ಮಕ್ಕಳೂ ಓದಿಬಿಟ್ಟಿದ್ದರೆ ಐದು ಎಲ್ಲಿಂದ ಬರಬೇಕು?

ಅವಳ ಪಾಠ ರಾಜ್ಯವೆಲ್ಲ ಹರಡಿತು. ಕೊಟ್ಟ ಮಾತು ವರದಿಯ ಕೊನೆಯ ಪುಟದಲ್ಲಿತ್ತು. ಕೊನೆಯ ಪುಟವನ್ನು ಓದುವವರು ಯಾರು? ಬರೆದವಳೂ ಮತ್ತೆ ಓದಲಿಲ್ಲ. ಒಂದು ದೇಶದವರು ಕರೆದರು, ಹೋದಳು. ಇನ್ನೊಂದು ದೇಶದವರು ಕರೆದರು. ಅವಳು ಕೆಟ್ಟವಳಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ.

ಹೆಂಗಸು ಕೈ ತೊಳೆದು ಎದ್ದಳು. "ಬನ್ನಿ, ಮಾಸ್ತರರು ಇದ್ದಾರೆ" ಎಂದು ಮುಂದೆ ನಡೆದಳು.

ಮಾಸ್ತರರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಅವರು ಸಂಶೋಧಕಿಯನ್ನು ನೋಡಿದರು. ಕೂತುಕೊಳ್ಳಿ ಎನ್ನಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ.

"ಫಲಿತಾಂಶ ಬಂತಾ?" ಎಂದು ಕೇಳಿದರು.

"ಬಂತು ಮಾಸ್ತರೇ. ಬಂದು ಹದಿನೈದು ವರ್ಷ ಆಯಿತು."

"ನಮಗೆ ತಿಳಿಯಲಿಲ್ಲ. ಪಾಠ ಒಳ್ಳೆಯದಾ?"

"ಒಳ್ಳೆಯದು. ಹತ್ತು ಮಕ್ಕಳಲ್ಲಿ ಐದು ಜನ ಹೆಚ್ಚು ಓದುತ್ತಾರೆ."

ಮಾಸ್ತರರು ಬೆರಳು ಮಡಿಚತೊಡಗಿದರು. "ವರ್ಷಕ್ಕೆ ಹೊಸದಾಗಿ ಹನ್ನೆರಡು ಮಕ್ಕಳು. ಹದಿನೈದು ವರ್ಷಕ್ಕೆ ನೂರೆಂಬತ್ತು. ಅದರಲ್ಲಿ ಅರ್ಧ ತೊಂಬತ್ತು. ಲೆಕ್ಕ ಸರಿಯಾ ಅಕ್ಕೋರೇ?"

ಲೆಕ್ಕ ಸರಿಯಾಗಿತ್ತು. ಸಂಶೋಧಕಿಗೆ ಸಿಟ್ಟು ಬಂತು. 

"ನೀವು ಕಾದದ್ದು ಯಾಕೆ? ಹೊಳೆ ದಾಟಿದರೆ ಕಲಿಯಬಹುದಿತ್ತು. ಅಷ್ಟು ಸುಲಭದ ಪಾಠ."

"ಆಚೆ ಊರಿನಿಂದ ಒಬ್ಬಳು ಸೊಸೆಯಾಗಿ ಬಂದಳು. ಹೇಳಿಕೊಡುತ್ತೇನೆ ಅಂದಳು. ನಾವು ಬೇಡ ಅಂದೆವು. ಆಮೇಲೆ ನನ್ನ ಜಾಗಕ್ಕೆ ಹೊಸ ಮಾಸ್ತರು ಬಂದರು. ನಿಮ್ಮ ಪಾಠದ್ದೇ ತರಬೇತಿ ಮುಗಿಸಿ ಬಂದವರು. 'ಸಾರ್, ಇದು ಕೊಡದ ಊರು, ಇಲ್ಲಿ ಅದು ಬೇಡ' ಅಂದೆವು. ಅವರಿಗೂ ಕೆಲಸ ಹಗುರ ಆಯಿತು."

"ಅದು ಎರಡು ವರ್ಷದ ಮಾತಾಗಿತ್ತು ಮಾಸ್ತರೇ!"

"ನಾನು ಬರುವವರೆಗೆ ಅಂದಿದ್ದಿರಿ. ಎರಡು ವರ್ಷ ಅನ್ನಲಿಲ್ಲ." ಮಾಸ್ತರರ ದನಿ ಏರಲಿಲ್ಲ. "ನಮ್ಮಲ್ಲಿ ಒಬ್ಬ ಹಾಕಿದ ಬಲೆಯನ್ನು ಇನ್ನೊಬ್ಬ ಎತ್ತುವುದಿಲ್ಲ. ಮೀನು ಕೊಳೆತು ನಾರಿದರೂ ಎತ್ತುವುದಿಲ್ಲ. ಹಾಕಿದವನೇ ಬರಬೇಕು. ನೀವು ಹಾಕಿ ಹೋದಿರಿ."

ಶಾಹಿದಾ, ನಿನಗೆ ನಗು ಬರುತ್ತಿದೆ, ನಗು. ಊರಿಗೆ ಊರೇ ಹೀಗೆ ದಡ್ಡತನ ಮಾಡುತ್ತದೆಯೇ ಎನ್ನು. ಮಾತು ಉಳಿಸಿಕೊಂಡವರನ್ನು ದಡ್ಡರು ಎನ್ನದೆ ಲೋಕ ನಡೆಯುವುದಿಲ್ಲ. ಸಂಶೋಧಕಿಯೂ ಇಂಥದನ್ನು ಎಷ್ಟೋ ಊರುಗಳಲ್ಲಿ ನೋಡಿ ನಕ್ಕಿದ್ದಳು. ಹೊಸ ಶೌಚಾಲಯದಲ್ಲಿ ಸೌದೆ ಒಟ್ಟಿದ ಊರು ನೋಡಿದ್ದಳು. ಕಲಿಕೆಯ ಪೆಟ್ಟಿಗೆ ಬಿಚ್ಚಿದರೆ ಸವೆಯುತ್ತದೆ ಎಂದು ಬೀಗ ಹಾಕಿಟ್ಟ ಶಾಲೆ ನೋಡಿದ್ದಳು. ಅದನ್ನೆಲ್ಲ ಭಾಷಣದಲ್ಲಿ ಹೇಳಿ ನಗಿಸುತ್ತಿದ್ದಳು. ಆ ದಿನ ನಗು ಬರಲಿಲ್ಲ. ಸುಸ್ತು ಬಂತು. ಹನ್ನೊಂದು ದೇಶದ ಸುಸ್ತು ಒಂದೇ ಸಲ ಬಂತು. ಅವಳು ಹೇಳಿಸಿಕೊಳ್ಳದೆ ಜಗಲಿಯ ಮೇಲೆ ಕೂತಳು.

ಬಳಚಿನ ಹೆಂಗಸು ಹತ್ತಿರ ಬಂದಳು.

"ಅಕ್ಕೋರೇ, ಒಂದು ಕೇಳಲಾ? ಆರು ಸಲ ನನ್ನ ಮುಂದೆ ಹಾಳೆ ಹಿಡಿದಿರಿ. ಆರು ಸಲವೂ ಅದೇ ಹಾಳೆ. ನನಗೆ ಓದಲು ಬರಲಿಲ್ಲ. ಅದರಲ್ಲಿ ಏನು ಬರೆದಿತ್ತು?"

ಸಂಶೋಧಕಿಗೆ ನೆನಪಿತ್ತು. ಬರೆದವಳು ಅವಳೇ.

"ಒಂದು ಆನೆ ಸಂತೆಗೆ ಹೋಯಿತು. ಟೋಪಿ ಕೊಂಡಿತು. ಟೋಪಿ ಸಣ್ಣದಾಯಿತು. ಆನೆ ಅತ್ತಿತು."

"ಇಷ್ಟೇಯಾ?"

"ಇಷ್ಟೇ."

ಹೆಂಗಸು ಗಟ್ಟಿಯಾಗಿ ನಕ್ಕಳು. ನಗು ನಿಂತ ಮೇಲೆ ಹೇಳಿದಳು, "ನಾನು ಇಷ್ಟು ವರ್ಷ ಅದರಲ್ಲಿ ನನ್ನ ವಿಚಾರ ಏನೋ ಬರೆದಿದೆ ಅಂದುಕೊಂಡಿದ್ದೆ. ನೀವು ಹಾಳೆ ನೋಡೋದು, ನನ್ನ ಮುಖ ನೋಡೋದು, ಏನೋ ಬರೆದುಕೊಳ್ಳೋದು. ಮತ್ತೇನು ಅಂದುಕೊಳ್ಳಲಿ?"

ಆಮೇಲೆ ನಗದೆ ಹೇಳಿದಳು, "ನನ್ನದು ಹೋಗಲಿ. ಮಗಳಿಗೆ ಆರು ವರ್ಷ. ಈ ಜೂನ್‌ನಲ್ಲಿ ಒಂದನೇ ಇಯತ್ತೆಗೆ ಹೋಗುತ್ತಾಳೆ. ಅವಳು ಎಷ್ಟನೇ ನಂಬರು?"

ಸಂಶೋಧಕಿ ಗಡಿಯಾರ ನೋಡಿಕೊಂಡಳು. ಹೋಟೆಲಿನ ಸಭಾಂಗಣದಲ್ಲಿ ಆರು ನೂರು ಜನ ಬಂದು ಕೂರುವ ಹೊತ್ತು. ಆ ದಿನ ಅವಳು ಮಾತಾಡಬೇಕಿದ್ದ ವಿಷಯ, ಹೊಸ ಪಾಠ ಕೊನೆಯ ಮಗುವನ್ನು ಮುಟ್ಟುವುದು ಹೇಗೆ ಎಂಬುದು.

"ಇವತ್ತಿನಿಂದ ನಿಮಗೆ ಯಾವ ತಡೆಯೂ ಇಲ್ಲ. ನಾನೇ ಹೇಳುತ್ತಿದ್ದೇನೆ, ಯಾರು ಬೇಕಾದರೂ ಕಲಿಸಬಹುದು" ಎಂದಳು.

ಮಾಸ್ತರರು ಆಗದು ಎಂಬಂತೆ ತಲೆ ಅಲ್ಲಾಡಿಸಿದರು.

"ಮುಂದಿನ ತಿಂಗಳು ಒಳ್ಳೆಯ ತರಬೇತುದಾರರನ್ನು ಕಳಿಸುತ್ತೇನೆ."

ಮಾಸ್ತರರು ಮತ್ತೆ ತಲೆ ಅಲ್ಲಾಡಿಸಿದರು. ಯಾಕೆಂದು ಹೇಳಿದವಳು ಹೆಂಗಸು. "ನಂಬರು ಹಾಕುವಾಗ ನೀವೇ ಬಂದಿರಿ ಅಕ್ಕೋರೇ. ಪಾಠ ಕೊಡುವಾಗ ಬೇರೆಯವರಾ?"

ಈ ಮಾತಿಗೆ ಸಂಶೋಧಕಿಗೆ ಅಂಜಿಕೆಯಾಯಿತು. ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಮಾತ್ರ ಗೊತ್ತಿತ್ತು. ಆ ಪಾಠವನ್ನು ಕಂಡುಹಿಡಿದವಳು ಅವಳು, ಅಳೆದವಳು ಅವಳು. ಆದರೆ ಅದರಿಂದ ಒಂದು ಮಗುವಿಗೂ ಅವಳು ತನ್ನ ಕೈಯಾರೆ ಓದು ಕಲಿಸಿರಲಿಲ್ಲ. ಆಚೆ ದಡದಲ್ಲಿ ಕಲಿಸಿದವರು ಅಲ್ಲಿಯ ಮಾಸ್ತರರು. ಅಡುಗೆಯ ಪುಸ್ತಕ ಬರೆದು ಹೆಸರಾದವಳು ಒಲೆ ಹೊತ್ತಿಸಿರಲಿಲ್ಲ.

ಅವಳು ಕಾರನ್ನು ಖಾಲಿ ಕಳಿಸಿದಳು. ಬರುವುದಿಲ್ಲ ಎಂದು ಚಾಲಕನ ಕೈಯಲ್ಲಿ ಚೀಟಿ ಕೊಟ್ಟಳು. ಹೋಟೆಲಿನಲ್ಲಿ ಅವಳ ಭಾಷಣವನ್ನು ಬೇರೆ ಯಾರೋ ಓದಿದರು. ಚಪ್ಪಾಳೆ ಅಷ್ಟೇ ಬಿತ್ತಂತೆ.

ಮಾಸ್ತರರು ಹೆಸರು ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಊರಿನಲ್ಲಿ ಓದಲು ಬಾರದವರ ಹೆಸರು, ದೊಡ್ಡವರದು, ಸಣ್ಣವರದು. ಈ ಸಲ ನಂಬರು ಹಾಕಲಿಲ್ಲ. ನಡುವೆ ಎರಡು ಹೆಸರು ಹೇಳಿ ಮಾಸ್ತರರು ತಾವೇ ತಡೆದರು. "ಅವರಿಬ್ಬರನ್ನು ಬಿಡಿ. ಅವರು ಈಗ ಇಲ್ಲ" ಎಂದರು. ಅವಳು ಅವೆರಡನ್ನೂ ಬರೆದಳು.

ಮೊದಲ ದಿನ ಶಾಲೆಯಲ್ಲಿ ಮಕ್ಕಳು ಬಾಯಿ ಬಿಡಲಿಲ್ಲ. ಮಗು ಆಡಿದ ಮಾತನ್ನು ಬರೆಯಿರಿ ಎಂದು ಅವಳ ಪುಸ್ತಕದಲ್ಲಿತ್ತು. ಮಗು ಮಾತೇ ಆಡದಿದ್ದರೆ ಏನು ಮಾಡಬೇಕೆಂದು ಇರಲಿಲ್ಲ. ಎರಡನೆಯ ದಿನ ಎಲ್ಲರೂ ಒಟ್ಟಿಗೆ ಮಾತಾಡಿದರು. ಅದಕ್ಕೂ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅವಳು ಹೊಳೆ ದಾಟಿ ಆಚೆ ಊರಿನ ಹಳೆಯ ಮಾಸ್ತರರ ಹತ್ತಿರ ಹೋದಳು. ತಾನೇ ಹಿಂದೆ ತರಬೇತಿ ಕೊಟ್ಟಿದ್ದವರ ಮುಂದೆ ಕೂತು, ಹೇಗೆ ಮಾಡಿದಿರಿ ಎಂದು ಕೇಳಿದಳು. ಅವರು ಹೇಳಿದರು. ಅದರಲ್ಲಿ ಅರ್ಧ ಅವಳ ಪಾಠದಲ್ಲಿ ಇಲ್ಲದ್ದೇ ಇತ್ತು.

ದೊಡ್ಡವರ ಪಾಠಕ್ಕೆ ಗಂಟೆ ಹೊಡೆಯುವಂತಿರಲಿಲ್ಲ. ನೀರು ಇಳಿದಾಗ ಹೆಂಗಸರು ಹೊಳೆಯಲ್ಲಿರುತ್ತಿದ್ದರು. ನೀರು ಏರಿದಾಗ ಬರುತ್ತಿದ್ದರು. ಹಾಗಾಗಿ ಒಂದು ದಿನದ ಪಾಠ ಹತ್ತಕ್ಕೆ, ಮರುದಿನದ್ದು ಹನ್ನೊಂದಕ್ಕೆ. ಚಂದ್ರನನ್ನು ಕೇಳಿ ವೇಳಾಪಟ್ಟಿ ಮಾಡುವುದನ್ನು ಆ ಊರು ಅವಳಿಗೆ ಕಲಿಸಿತು.

ಬಳಚಿನ ಹೆಂಗಸಿಗೆ, "ಏನಾದರೂ ಹೇಳು, ಬರೆಯುತ್ತೇನೆ" ಎಂದಳು.

"ಏನು ಹೇಳಲಿ? ಇವತ್ತು ಬಳಚು ಕಮ್ಮಿ."

ಸಂಶೋಧಕಿ ಅದನ್ನೇ ಬರೆದಳು. ಹೆಂಗಸು ಅದನ್ನು ನಾಲ್ಕು ದಿನ ನೋಡಿದಳು. ಐದನೆಯ ದಿನ ಬೆರಳಿಟ್ಟು ಓದಿದಳು. ಓದಿ ಬೆರಳನ್ನು ಅಲ್ಲೇ ಒತ್ತಿ ಹಿಡಿದಳು. "ಇದು ನಾನು ಹೇಳಿದ್ದು" ಎಂದಳು. ಆ ಜೂನ್‌ನಲ್ಲಿ ಅವಳ ಮಗಳು ಶಾಲೆಗೆ ಬಂದಾಗ ಆ ಮಗುವಿನ ಮಾತನ್ನು ಮನೆಯಲ್ಲಿ ಬರೆದುಕೊಡುತ್ತಿದ್ದವಳು ಅವಳೇ. ಕೈಬರಹ ವಕ್ರವಾಗಿತ್ತು. ಮಗಳು ಓದುತ್ತಿದ್ದಳು.

ಒಂದು ತಿಂಗಳು ಎಂದುಕೊಂಡಿದ್ದವಳು ಎರಡು ವರ್ಷ ಇದ್ದಳು. ಎಲ್ಲ ಸಲೀಸಾಗಿ ನಡೆಯಿತು ಎಂದು ಹೇಳಲಾರೆ. ಒಬ್ಬ ಮುದುಕ ಮೂರು ಸಲ ಬಿಟ್ಟು ಹೋದ, ಮೂರು ಸಲ ಅವನ ಮನೆಗೆ ಹೋಗಿ ಕರೆತಂದಳು. ಇಬ್ಬರು ಜಗಳಗಂಟಿಯರು ಒಬ್ಬರ ಮೇಲೊಬ್ಬರು ಬೈಗುಳವನ್ನೇ ಬರೆಸಿದರು, ಬಲು ಬೇಗ ಓದಲು ಕಲಿತರು. ಕರೆದ ದೇಶಗಳಿಗೆ ಅವಳು ಪತ್ರ ಬರೆದು ಬರಲಾರೆ ಎಂದಳು. ಎರಡನೆಯ ವರ್ಷ ಅವರು ಕರೆಯುವುದನ್ನು ಬಿಟ್ಟರು.

ಕೊನೆಗೆ ಪಟ್ಟಿಯಲ್ಲಿ ಒಬ್ಬ ಉಳಿದ. ಅವನು ಊರು ಬಿಟ್ಟು ದೂರದ ಬಂದರಿನಲ್ಲಿ ಮೀನಿನ ಬೋಟಿನ ಮೇಲಿದ್ದ. ಸಂಶೋಧಕಿ ಅಲ್ಲಿಗೆ ಹೋದಳು. ಬೋಟು ಸಮುದ್ರದಲ್ಲಿತ್ತು. ಎಂಟು ದಿನ ಕಾದಳು. ಅವನು ಇಳಿದು ಬಂದಾಗ ತಾನು ಯಾರು, ಯಾಕೆ ಬಂದೆ ಎಂದು ಹೇಳಿದಳು.

"ಈಗ ಯಾಕಕ್ಕಾ ನನಗೆ ಓದು? ಮೀನಿಗೆ ಅದು ಗೊತ್ತಾಗತ್ತಾ?" ಎಂದು ಅವನು ನಕ್ಕ.

"ನಿನಗೆ ಬೇಡದೆ ಇರಬಹುದು ತಮ್ಮಾ. ನಾನು ಕೊಡಬೇಕಾದದ್ದು" ಎಂದಳು.

ಬೋಟು ದಡದಲ್ಲಿದ್ದ ದಿನಗಳಲ್ಲಿ, ಐಸಿನ ಪೆಟ್ಟಿಗೆಗಳ ಮೇಲೆ ಕೂತು ಪಾಠ ನಡೆಯಿತು. ಹೋಗಿ ಬಂದು, ಹೋಗಿ ಬಂದು ನಾಲ್ಕು ತಿಂಗಳಾಯಿತು. ಒಂದು ದಿನ ಅವನು ಅವಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಪೆಟ್ಟಿಗೆಯ ಮುಚ್ಚಳದ ಮೇಲೆ ತಾನೇ ಬರೆದ. "ಅಕ್ಕ ಊರಿಗೆ ಹೋಗಲಿ" ಎಂದು ಬರೆದು, ಗಟ್ಟಿಯಾಗಿ ಓದಿದ.

ಅವಳು ಪಟ್ಟಿ ತೆಗೆದು ಅವನ ಹೆಸರಿನ ಮೇಲೆ ಗೀಟು ಎಳೆದಳು. ಗೀಟು ಬೀಳದೆ ಉಳಿದದ್ದು ತೀರಿಹೋದ ಆ ಇಬ್ಬರ ಹೆಸರು. ಅವರ ಸಾಲ ತೀರುವಂಥದ್ದಲ್ಲ. ಉಳಿದದ್ದು ತೀರಿತು.

ಕಾತ್ಯಾಯಿನಿ ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

 ಕತೆ ಮುಗಿದಿದೆಯೆಂದು ಖಚಿತವಾದ ಮೇಲೆ, ಶಾಹಿದಾ ಕಲಿತ ವಿದ್ಯೆ ಬಿಡಲಾರದೆ ಕೇಳಿದಳು.

"ಕೊನೆಗೆ ಎಷ್ಟು ವ್ಯತ್ಯಾಸ ಬಂತು ಮೇಡಂ? ಅವಳು ಅಳೆಯಲಿಲ್ಲವೇ?"

"ಅಳೆಯುವುದಕ್ಕೆ ಈ ಸಲ ಅವಳು ಯಾರನ್ನೂ ಹಿಂದೆ ಬಿಟ್ಟಿರಲಿಲ್ಲ" ಎಂದರು ಕಾತ್ಯಾಯಿನಿ.

ಶಾಹಿದಾ ತನ್ನ ಪಟ್ಟಿ ತೆಗೆದು, ಕೊಡದ ಇಪ್ಪತ್ತಕ್ಕೆ ತಾನೇ ಹೋಗಿ ಕೊಡುವ ದಿನವನ್ನು ಮೊದಲ ಪುಟದಲ್ಲೇ ಬರೆದಳು.